ರಜೆಗೆ ಬಂದ ಏಳು ಮಕ್ಕಳು, ಏಳು ಫೋನುಗಳು ಮತ್ತು ಯಾರೂ ನೋಡದ ಒಂದು ಟಿವಿ

ಅಡಿಕೆತೋಟ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯ ಕಡೆಯ ಕೃಷಿಕ. ಬೇಸಿಗೆ ರಜೆಗೆಂದು ತಮ್ಮಂದಿರ ಮತ್ತು ತಂಗಿಯ ಮಕ್ಕಳು ನಮ್ಮ ಮನೆಗೆ ಬಂದಿದ್ದಾರೆ. ಹದಿಮೂರರಿಂದ ಹದಿನೆಂಟರ ಒಳಗಿನವರು, ಒಟ್ಟು ಏಳು ಮಂದಿ. ಹಲಸಿನ ಹಪ್ಪಳ ಒತ್ತಲು ಕರೆದರೆ ಬರುತ್ತಾರೆ, ಹೊಳೆಗೆ ಹೋಗೋಣವೆಂದರೆ ನಮಗಿಂತ ಮೊದಲೇ ದಣಪೆ ದಾಟಿರುತ್ತಾರೆ. ಆದ್ದರಿಂದ ಅವರನ್ನು ಸೋಮಾರಿಗಳೆಂದು ದೂರುವ ಉದ್ದೇಶ ನನಗಿಲ್ಲ.

ನನಗೆ ವಿಚಿತ್ರವಾಗಿ ಕಂಡದ್ದು ಮಧ್ಯಾಹ್ನದ ಊಟವಾದ ನಂತರದ ಹೊತ್ತು. ಅದೇ ಮಾಳಿಗೆಯ ಮೇಲೆ, ಅದೇ ವಯಸ್ಸಿನಲ್ಲಿ ನಾವು ಇಸ್ಪೀಟು ಆಡಿ, ಎಲೆ ಕದ್ದವನ ಮೇಲೆ ಬಿದ್ದು ಹೊರಳಾಡಿ, ಕೆಳಗೆ ಮಲಗಿದ ಹಿರಿಯರಿಂದ ಬೈಸಿಕೊಳ್ಳುತ್ತಿದ್ದೆವು. ಈಗ ಏಳು ಮಂದಿ ಏಳು ಮೂಲೆಗಳಲ್ಲಿ ಒರಗಿರುತ್ತಾರೆ, ಮಾಳಿಗೆಯಲ್ಲಿ ಫ್ಯಾನಿನ ಸದ್ದೊಂದೇ ಕೇಳಿಸುತ್ತದೆ. ನಡುವೆ ಒಬ್ಬ ಥಟ್ಟನೆ ನಗುತ್ತಾನೆ. ಏಕೆ ನಕ್ಕೆಯೆಂದು ಉಳಿದ ಆರು ಮಂದಿಯಲ್ಲಿ ಒಬ್ಬರೂ ಕೇಳುವುದಿಲ್ಲ. ಎಲ್ಲರೂ ಕೂಡಿ ನೋಡಲೆಂದೇ ಹೋದ ವರ್ಷ 43 ಇಂಚಿನ ಟಿವಿ ತಂದಿದ್ದೆ. ನಿನ್ನೆ ಎಲ್ಲರನ್ನೂ ಕೂರಿಸಿ ಒಂದು ಹಳೆಯ ಚಿತ್ರ ಹಾಕಿದೆ. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ತಮ್ಮನ ಮಗ ಬಹಳ ವಿನಯದಿಂದಲೇ, "ದೊಡ್ಡಪ್ಪ, ಇದರ ಪೂರ್ತಿ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳುವ ವಿಡಿಯೊ ಇದೆ, ಅದನ್ನೇ ನೋಡೋಣವೇ?" ಎಂದ.

ಕಣ್ಣಿನ ಆರೋಗ್ಯ, ಪರೀಕ್ಷೆಯ ಅಂಕ ಇತ್ಯಾದಿಗಳ ಉಪದೇಶವನ್ನು ನಾನು ಕೇಳುತ್ತಿಲ್ಲ. ನಿಮ್ಮ ಮನೆಯ ಹದಿಹರೆಯದವರು ಮನರಂಜನೆಗಾಗಿ ಏನನ್ನು ನೋಡುತ್ತಾರೆ, ಯಾರ ಜೊತೆ ನೋಡುತ್ತಾರೆ, ಹಾಗೆ ನೋಡುವುದರಲ್ಲಿ ಅವರಿಗೆ ಸಿಗುವ ಸುಖ ಯಾವುದು ಎಂಬುದಷ್ಟೇ ನನಗೆ ತಿಳಿಯಬೇಕಾಗಿದೆ.

ತುಮಕೂರು ತಿಂಡಿ (ಭಾನುವಾರ, ರಾತ್ರಿ 9:58)

ನಮ್ಮ ಮನೆಯಲ್ಲಿ ಮಕ್ಕಳಿಗಿಂತ ಎಪ್ಪತ್ತೊಂದು ವರ್ಷದ ನಮ್ಮ ಮಾವನವರೇ ಹೆಚ್ಚು ರೀಲ್ಸ್ ನೋಡುತ್ತಾರೆ, ಅದೂ ಇಯರ್‌ಫೋನ್ ಹಾಕದೆ. ಅವರ ಬಗ್ಗೆ ಬೇರೆ ಚರ್ಚೆಯನ್ನು ತೆರೆಯಬಹುದೇ?

ಹಳೆಯ ರೀಲು (ಭಾನುವಾರ, ರಾತ್ರಿ 10:25)

ಹಾವೇರಿ ಜಿಲ್ಲೆಯ ಒಂದು ಊರಿನ ಚಿತ್ರಮಂದಿರದಲ್ಲಿ ನಾನು 1991ರಿಂದ ಆಪರೇಟರ್ ಆಗಿದ್ದೆ. ಕಾರ್ಬನ್ ಕಡ್ಡಿಗಳನ್ನು ಉರಿಸಿ ಬೆಳಕು ಮಾಡುತ್ತಿದ್ದ ಯಂತ್ರದಲ್ಲಿ ಕೆಲಸ ಕಲಿತು, ಕೊನೆಗೆ ಕಂಪ್ಯೂಟರಿನ ಗುಂಡಿ ಒತ್ತುವವನಾಗಿ ಉಳಿದೆ. 2020ರ ಲಾಕ್‌ಡೌನ್‌ಗೆ ಮುಚ್ಚಿದ ನಮ್ಮ ಚಿತ್ರಮಂದಿರ ಮತ್ತೆ ತೆರೆಯಲಿಲ್ಲ. ಈಗ ಅಲ್ಲಿ ಮೆಣಸಿನಕಾಯಿಯ ಚೀಲಗಳನ್ನು ಪೇರಿಸಿದ್ದಾರೆ.

ಹದಿಹರೆಯದ ಹುಡುಗರನ್ನು ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ನಾನು ಸುಮಾರು ಮೂವತ್ತು ವರ್ಷ ನೋಡಿದ್ದೇನೆ. ಮೊದಲು ಗಾಂಧಿ ಕ್ಲಾಸಿನಲ್ಲಿ ಕುಳಿತ ಹುಡುಗರಿಗೆ ನಾಯಕ ಯಾವ ಬಾಗಿಲಿನಿಂದ ಬರುತ್ತಾನೆಂಬುದೇ ತಿಳಿದಿರುತ್ತಿರಲಿಲ್ಲ, ಆದ್ದರಿಂದ ಅವನು ಬಂದಾಗ ಚಿಲ್ಲರೆ ಹಾರುತ್ತಿತ್ತು, ಶಿಳ್ಳೆ ಬೀಳುತ್ತಿತ್ತು. ಕೊನೆಯ ವರ್ಷಗಳಲ್ಲಿ ಟೀಸರ್, ಟ್ರೇಲರ್, ಹಾಡು ಎಲ್ಲವನ್ನೂ ನೂರು ಬಾರಿ ನೋಡಿಯೇ ಬರುತ್ತಿದ್ದರು. ನಾಯಕ ತೆರೆಯ ಮೇಲೆ ಬಂದೊಡನೆ ಮೊದಲು ಏಳುತ್ತಿದ್ದುದು ಕೈಗಳಲ್ಲ, ಫೋನುಗಳು. ಮೇಲಿನ ಕಿಂಡಿಯಿಂದ ನೋಡಿದರೆ ಒಂದು ದೊಡ್ಡ ತೆರೆಯ ಮುಂದೆ ನೂರು ಸಣ್ಣ ತೆರೆಗಳು ಕಾಣುತ್ತಿದ್ದವು. ಸ್ಟೇಟಸ್ ಹಾಕಿಕೊಂಡ ಮೇಲೆ ಅರ್ಧಕ್ಕೇ ಎದ್ದು ಹೋಗುವವರೂ ಇದ್ದರು. ಚಿತ್ರ ನೋಡುವುದಕ್ಕಿಂತ ಚಿತ್ರಕ್ಕೆ ಬಂದೆನೆಂದು ತೋರಿಸುವುದೇ ಅವರಿಗೆ ಮನರಂಜನೆಯಾಗಿತ್ತು. ನಮ್ಮನ್ನು ಮುಳುಗಿಸಿದ್ದು ಫೋನೇ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸರ್ವರ್ ಕೋಣೆ (ಭಾನುವಾರ, ರಾತ್ರಿ 11:02)

ಹಳೆಯ ರೀಲು ಅವರೇ, ನಿಮ್ಮ ನೋವನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನಾಭಿಪ್ರಾಯ ಹೇಳುತ್ತೇನೆ. ಬೆಂಗಳೂರಿನ ಗಾಂಧಿನಗರದಲ್ಲಿ 1968ರಿಂದ ನಡೆದ ಕಪಾಲಿ 2017ರಲ್ಲಿ ಮುಚ್ಚಿತು. 1974ರ ಕಾವೇರಿ ಐವತ್ತು ವರ್ಷ ನಡೆದು 2024ರಲ್ಲಿ ಮುಚ್ಚಿತು. ಅಂಥ ಜಾಗಗಳಲ್ಲಿ ನೆಲದ ಬೆಲೆಯ ಮುಂದೆ ಟಿಕೆಟ್ಟಿನ ಹಣ ಯಾವ ಲೆಕ್ಕ? ಅದಕ್ಕೂ ಮೊದಲು ವಿಸಿಆರ್ ಬಂತು, ಕೇಬಲ್ ಬಂತು, ಮಲ್ಟಿಪ್ಲೆಕ್ಸ್ ಬಂತು. ಎಲ್ಲ ಪಾಪವನ್ನೂ ಫೋನಿನ ತಲೆಗೆ ಕಟ್ಟುವುದು ಸರಿಯಲ್ಲ.

ಹದಿಹರೆಯದವರ ಅಭ್ಯಾಸವನ್ನು ಬದಲಿಸಿದ್ದು ಫೋನಿಗಿಂತ ಹೆಚ್ಚಾಗಿ ಡೇಟಾದ ದರ ಎಂಬುದು ನನ್ನ ಅಭಿಪ್ರಾಯ. ಅಡಿಕೆತೋಟ ಅವರು ನೆನಪಿಸಿಕೊಳ್ಳಲಿ: 2016ಕ್ಕೆ ಮೊದಲು ಒಂದು ಜಿಬಿಗೆ ಸುಮಾರು 250 ರೂಪಾಯಿ ಕೊಡುತ್ತಿದ್ದೆವು. ಆಗಲೂ ಹುಡುಗರ ಕೈಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಆದರೆ ಅವರು ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುತ್ತಿದ್ದರು. 2016ರ ಸೆಪ್ಟೆಂಬರ್ 5ರಂದು ಜಿಯೊ ಆರಂಭವಾಯಿತು. 2017ರ ಮಾರ್ಚ್ ಕೊನೆಯವರೆಗೆ ಡೇಟಾ ಉಚಿತವಾಗಿಯೇ ಸಿಕ್ಕಿತು. ಆರು ತಿಂಗಳು ಲೆಕ್ಕವಿಲ್ಲದೆ ವಿಡಿಯೊ ನೋಡಿದ ಕೈ ಮತ್ತೆ ಲೆಕ್ಕ ಹಾಕಲು ಕಲಿಯಲಿಲ್ಲ. ಈಗ ದಿನದ ಒಂದೂವರೆ ಜಿಬಿ ರಾತ್ರಿ ಹನ್ನೆರಡರೊಳಗೆ ಮುಗಿಯದಿದ್ದರೆ ಹುಡುಗರಿಗೆ ಏನೋ ನಷ್ಟವಾದಂತೆ ಅನಿಸುತ್ತದೆ.

ಎರಡನೆಯ ತಿರುವು 2020ರದು. ಆ ವರ್ಷದ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಆದರೆ ಕಿರು ವಿಡಿಯೊದ ಚಟ ಅದರೊಡನೆ ಹೋಗಲಿಲ್ಲ. ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದು ಆ ಜಾಗವನ್ನು ತುಂಬಿದವು.

ಮೂಲ ಪ್ರಶ್ನೆಗೆ ಬರುತ್ತೇನೆ. ಟಿವಿ ಇಡೀ ಮನೆಗೆ ಒಂದೇ ಕಾರ್ಯಕ್ರಮವನ್ನು ಕೊಡುತ್ತಿತ್ತು. ಫೋನಿನ ಆ್ಯಪ್ ಮುಂದಿನ ವಿಡಿಯೊವನ್ನು ಆರಿಸುವುದು ಆ ಫೋನಿನಲ್ಲಿ ಹಿಂದಿನ ವಿಡಿಯೊಗಳನ್ನು ಎಷ್ಟು ಹೊತ್ತು ನೋಡಿದ್ದೀರಿ, ಯಾವುದನ್ನು ಅರ್ಧಕ್ಕೇ ಸರಿಸಿದ್ದೀರಿ ಎಂಬ ಲೆಕ್ಕದ ಮೇಲೆ. ನಿಮ್ಮ ಏಳು ಮಕ್ಕಳು ಒಂದೇ ಮಾಳಿಗೆಯಲ್ಲಿದ್ದರೂ ಏಳು ಬೇರೆ ಬೇರೆ ಊರುಗಳಲ್ಲಿ ಇರುವಂತೆ ಕಾಣುವುದಕ್ಕೆ ಅದೇ ಕಾರಣ.

ಹಳೆಯ ರೀಲು (ಭಾನುವಾರ, ರಾತ್ರಿ 11:15)

ನೆಲದ ಬೆಲೆಯ ಮಾತನ್ನು ಬೆಂಗಳೂರಿನ ಮಟ್ಟಿಗೆ ಒಪ್ಪುತ್ತೇನೆ. ನಮ್ಮ ಊರಿನ ನೆಲಕ್ಕೆ ಬೆಲೆ ಬಂದದ್ದು ಮೆಣಸಿನಕಾಯಿ ಇಟ್ಟ ಮೇಲೆ.

ಸೆಕೆಂಡ್ ಪಿಯು (ಸೋಮವಾರ, ಬೆಳಿಗ್ಗೆ 7:30)

ಇಲ್ಲಿ ಹದಿಹರೆಯದವನು ಬಹುಶಃ ನಾನೊಬ್ಬನೇ. ವಯಸ್ಸು ಹದಿನೇಳು, ಹಾಸನದ ಒಂದು ಹಾಸ್ಟೆಲಿನಲ್ಲಿದ್ದೇನೆ, ಮತ್ತು ನಮ್ಮ ಬಗ್ಗೆ ನಾವಿಲ್ಲದಾಗಲೇ ತೀರ್ಪು ಬರೆಯುತ್ತಿರುವುದನ್ನು ಓದಿ ಉತ್ತರಿಸುತ್ತಿದ್ದೇನೆ.

ಅಡಿಕೆತೋಟ ಸರ್, ಒಬ್ಬ ನಕ್ಕಾಗ ಉಳಿದವರು ಕಾರಣ ಕೇಳದಿರುವುದಕ್ಕೆ ಕಾರಣವಿದೆ. ಆ ವಿಡಿಯೊ ನಿಜವಾಗಿಯೂ ಚೆನ್ನಾಗಿದ್ದರೆ ಒಂದು ನಿಮಿಷದೊಳಗೆ ಅವನೇ ಅದನ್ನು ಎಲ್ಲರಿಗೂ ಕಳುಹಿಸಿರುತ್ತಾನೆಂದು ಅವರಿಗೆ ಗೊತ್ತಿರುತ್ತದೆ. ನೀವು ಆ ಏಳು ಮಂದಿಯ ಗುಂಪಿನಲ್ಲಿ ಇಲ್ಲದಿರುವುದರಿಂದ ನಿಮಗೆ ಮಾಳಿಗೆ ಮೌನವಾಗಿ ಕಾಣಿಸಿತು. ಒಳಗೆ ದೊಡ್ಡ ಗಲಾಟೆಯೇ ನಡೆದಿರಬಹುದು, ಅದರಲ್ಲಿ ನಿಮ್ಮ ಹಳೆಯ ಚಿತ್ರದ ಬಗ್ಗೆಯೂ ನಾಲ್ಕು ಮಾತು ಬಂದಿರಬಹುದು.

ಇನ್ನೊಂದು ವಿಷಯ. ರೀಲ್ಸ್ ನೋಡುವುದನ್ನು ನಾವು ಮನರಂಜನೆಯೆಂದು ಕರೆಯುವುದೇ ಇಲ್ಲ; ಬಸ್ಸಿಗೆ ಕಾಯುವಾಗ, ಊಟದ ಸಾಲಿನಲ್ಲಿ ನಿಂತಾಗ ಹೊತ್ತು ಕಳೆಯುವ ದಾರಿ ಅದು. ನಾವು ನಿಜವಾಗಿ ಮನಸ್ಸಿಟ್ಟು ನೋಡುವುದು ಬೇರೆಯೇ ಇದೆ. ನನ್ನ ಕೋಣೆಯವನು ಬಸ್ಸುಗಳ ಹುಚ್ಚ. ಕೆಎಸ್‌ಆರ್‌ಟಿಸಿಯ ಐರಾವತ, ಅಶ್ವಮೇಧ ಇವುಗಳಲ್ಲಿ ಪ್ರಯಾಣಿಸಿ ತೆಗೆದ ನಲವತ್ತು ನಿಮಿಷದ ವಿಡಿಯೊಗಳನ್ನು ಒಂದು ಸೆಕೆಂಡೂ ಬಿಡದೆ ನೋಡುತ್ತಾನೆ. ಇಂಡೋನೇಷ್ಯಾದವರು ಮಾಡಿದ ಬಸ್ ಓಡಿಸುವ ಆಟಕ್ಕೆ ನಮ್ಮ ಕೆಂಪು ಬಸ್ಸಿನ ಬಣ್ಣ ಹಾಕಿಕೊಂಡು ಆಡುತ್ತಾನೆ. ನಾನು ಡಾ. ಬ್ರೋ ಅವರ ಪ್ರವಾಸದ ವಿಡಿಯೊಗಳನ್ನು ನೋಡುತ್ತೇನೆ. ನಮ್ಮೂರಿನ ಹುಡುಗರು ಮಾತನಾಡುವಂಥ ಕನ್ನಡದಲ್ಲಿಯೇ ಒಬ್ಬರು ಆಫ್ರಿಕಾದ ಸಂತೆಯನ್ನು ತೋರಿಸಬಹುದೆಂದು ನಮ್ಮ ಸಮಾಜ ವಿಜ್ಞಾನದ ಪುಸ್ತಕ ನನಗೆ ಹೇಳಿರಲಿಲ್ಲ.

ಒಟ್ಟಿಗೆ ನೋಡುವುದು ಸತ್ತುಹೋಗಿದೆ ಎನ್ನುವವರು 2025ರ ಜೂನ್ 3ರ ರಾತ್ರಿ ನಮ್ಮ ಕೋಣೆಗೆ ಬರಬೇಕಿತ್ತು. ಸ್ಟೀಲ್ ಲೋಟಕ್ಕೆ ಒರಗಿಸಿದ ಒಂದೇ ಫೋನಿನಲ್ಲಿ ಹನ್ನೊಂದು ಮಂದಿ ಆರ್‌ಸಿಬಿ ಕಪ್ ಗೆದ್ದುದನ್ನು ನೋಡಿದೆವು. ಪಕ್ಕದ ಕೋಣೆಯ ಫೋನಿನಲ್ಲಿ ಆಟ ನಮಗಿಂತ ಅರ್ಧ ನಿಮಿಷ ಮುಂದೆ ಓಡುತ್ತಿದ್ದುದರಿಂದ ಪ್ರತಿ ವಿಕೆಟ್ಟೂ ಮೊದಲು ಗೋಡೆಯ ಆಚೆಯಿಂದ ಕೇಳಿಸಿ ಆಮೇಲೆ ಕಾಣಿಸುತ್ತಿತ್ತು ಎಂಬುದೊಂದೇ ಬೇಸರ.

ತುಮಕೂರು ತಿಂಡಿ (ಸೋಮವಾರ, ಬೆಳಿಗ್ಗೆ 8:05)

ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳಲು ಅನುಮತಿ ಇದೆಯೇ, ತಮ್ಮಾ?

ಸೆಕೆಂಡ್ ಪಿಯು (ಸೋಮವಾರ, ಬೆಳಿಗ್ಗೆ 8:07)

ಈ ಪ್ರಶ್ನೆ ಚರ್ಚೆಯ ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ನನ್ನ ನಮ್ರ ಅಭಿಪ್ರಾಯ.

ಕೊಪ್ಪಳದ ಮೇಷ್ಟ್ರು (ಸೋಮವಾರ, ಸಂಜೆ 5:50)

ಇಲ್ಲಿಯವರೆಗೆ ಮಾತನಾಡಿದ ಎಲ್ಲರೂ ಪ್ರತಿಯೊಬ್ಬ ಹುಡುಗನ ಕೈಯಲ್ಲೂ ಅವನದೇ ಫೋನ್ ಇದೆಯೆಂದು ಭಾವಿಸಿದ್ದೀರಿ. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಪ್ರಥಮ್ ಸಂಸ್ಥೆಯ 2024ರ ಅಸರ್ ಎಂಬ ಶಿಕ್ಷಣ ಸಮೀಕ್ಷೆಯ ವರದಿ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳನ್ನು ಈ ಬಗ್ಗೆ ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆಂದವರು ಶೇ 82.2. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ನಾನು ಹೆಚ್ಚು ಯೋಚಿಸಿದ್ದು ಇನ್ನೊಂದು ಅಂಕಿಯ ಬಗ್ಗೆ. ಬಳಸಲು ಬಲ್ಲವರಲ್ಲಿ ಸ್ವಂತ ಫೋನ್ ಇರುವ ಹುಡುಗರು ಶೇ 36.2, ಹುಡುಗಿಯರು ಶೇ 26.9.

ನನ್ನ ತರಗತಿಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಇರುವುದು 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಸಾಲ ಮಾಡಿ ತಂದ ಒಂದೇ ಫೋನ್. ಪಾಠ ಶಾಲೆಗೆ ಮರಳಿತು, ಫೋನ್ ಮನೆಯಲ್ಲಿಯೇ ಉಳಿಯಿತು. ಅಪ್ಪ ಅದನ್ನು ಗಾರೆ ಕೆಲಸಕ್ಕೆ ಒಯ್ಯುತ್ತಾನೆ. ರಾತ್ರಿ ಎಂಟಕ್ಕೆ ಮನೆಗೆ ಬಂದ ಫೋನ್ ಮೊದಲು ಅಣ್ಣನ ಕೈಗೆ ಹೋಗಿ, ಚಾರ್ಜ್ ಶೇ ಹತ್ತರಷ್ಟು ಉಳಿದಾಗ ತಂಗಿಯ ಕೈಗೆ ಬರುತ್ತದೆ. ಇಡೀ ದಿನ ರೀಲ್ಸ್‌ನಲ್ಲಿ ಮುಳುಗಿರುತ್ತಾಳೆಂದು ದೂರಬೇಕಾದ ಹುಡುಗಿಗೆ ದಿನಕ್ಕೆ ಸಿಗುವುದು ಇಪ್ಪತ್ತು ನಿಮಿಷ, ಅದೂ ಅಣ್ಣ ನೋಡಿದ ಕುಸ್ತಿ ಮತ್ತು ಟ್ರ್ಯಾಕ್ಟರ್ ವಿಡಿಯೊಗಳೇ ಮೊದಲು ಎದುರಾಗುವ ತೆರೆಯ ಮೇಲೆ. ಸರ್ವರ್ ಕೋಣೆಯವರು ಹೇಳಿದ ಆ ಲೆಕ್ಕದ ಯಂತ್ರಕ್ಕೆ ಅವಳು ಒಬ್ಬ ವ್ಯಕ್ತಿಯೇ ಅಲ್ಲ.

ಗುಮ್ಮಟದ ಗಾಳಿ (ಸೋಮವಾರ, ರಾತ್ರಿ 8:20)

ಮೇಷ್ಟ್ರ ಮಾತನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ವಿಜಯಪುರ ಜಿಲ್ಲೆಯವಳು, ನನಗೀಗ ನಲವತ್ತಾರು ವರ್ಷ. ಟೆಂಟ್ ಸಿನಿಮಾ, ಶಿಳ್ಳೆ, ಗಾಂಧಿ ಕ್ಲಾಸ್, ರಾತ್ರಿಯಿಡೀ ಬಯಲಾಟ, ಮಾಳಿಗೆಯ ಮೇಲಿನ ಇಸ್ಪೀಟು ಎಂದು ನೀವು ಗಂಡಸರು ಬರೆಯುವಾಗಲೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ. ಆಗ ನಾವು ಎಲ್ಲಿದ್ದೆವು? ಅಡಿಕೆತೋಟ ಸರ್, ನೀವು ಮಾಳಿಗೆಯ ಮೇಲೆ ಹೊರಳಾಡುವಾಗ ನಿಮ್ಮ ತಂಗಿ ಕೆಳಗೆ ಪಾತ್ರೆ ತೊಳೆಯುತ್ತಿರಲಿಲ್ಲವೆಂದು ಎದೆ ಮುಟ್ಟಿ ಹೇಳಿರಿ.

ಹತ್ತನೆಯ ತರಗತಿ ಮುಗಿಯುವವರೆಗೆ ನಾನು ನಮ್ಮೂರ ಟೆಂಟಿನಲ್ಲಿ ನೋಡಿದ್ದು ಒಂದೇ ಚಿತ್ರ. ಅದು ಭಕ್ತಿಪ್ರಧಾನ ಚಿತ್ರವೆಂದು ಅತ್ತೆಯೊಬ್ಬರು ಜಾಮೀನು ಕೊಟ್ಟ ಮೇಲೆ ನನಗೆ ಅನುಮತಿ ಸಿಕ್ಕಿತು, ಅದರಲ್ಲೂ ಕೊನೆಯ ಅರ್ಧ ಗಂಟೆ ಇರುವಾಗಲೇ ಕತ್ತಲಾಯಿತೆಂದು ಎಬ್ಬಿಸಿಕೊಂಡು ಬಂದರು. ಆ ಚಿತ್ರದ ಕೊನೆಯನ್ನು ನಾನು ನೋಡಿದ್ದು ಮೂವತ್ತು ವರ್ಷಗಳ ನಂತರ, ಮಗಳ ಫೋನಿನಲ್ಲಿ, ಜೋಳದ ರೊಟ್ಟಿ ಬಡಿಯುತ್ತ. ಹೇಳುವುದಾದರೆ, ಕೊನೆ ಅಷ್ಟೇನೂ ಚೆನ್ನಾಗಿರಲಿಲ್ಲ.

ನನ್ನ ಮಗಳಿಗೆ ಹದಿನಾರು. ಅವಳೂ ಅವಳ ಗೆಳತಿಯೂ ಕೊರಿಯಾದ ಧಾರಾವಾಹಿಗಳನ್ನು ನೋಡುತ್ತಾರೆ, ಆ ದೇಶದ ಅಕ್ಷರಗಳನ್ನೂ ವಿಡಿಯೊ ನೋಡಿಯೇ ಕಲಿತು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇಬ್ಬರೂ ಗುಟ್ಟಿನ ಪತ್ರ ಬರೆದುಕೊಳ್ಳುತ್ತಾರೆ. ಓದಿ ನೋಡಲು ನನಗೆ ಬರುವುದಿಲ್ಲ. ಅದೇ ಅವರ ಸಂತೋಷವೆಂದು ತಿಳಿದು ಸುಮ್ಮನಿದ್ದೇನೆ. ಒಬ್ಬಳೇ ಕುಳಿತು ತನಗೆ ಬೇಕಾದುದನ್ನು ನೋಡುವ ಹಕ್ಕು ಗಂಡುಮಕ್ಕಳಿಗೆ ಹಳೆಯದು, ಹೆಣ್ಣುಮಕ್ಕಳಿಗೆ ಇದೇ ಮೊದಲ ಸಲ ಸಿಕ್ಕಿದೆ. ಸಿಕ್ಕ ವರ್ಷವೇ ಎಲ್ಲರೂ ಒಟ್ಟಿಗೆ ನೋಡಬೇಕಿತ್ತೆಂದು ನೀವು ಕೊರಗಲು ತೊಡಗಿದ್ದೀರಿ.

ಅಡಿಕೆತೋಟ (ಸೋಮವಾರ, ರಾತ್ರಿ 9:10)

ಅಕ್ಕಾ, ನಿಮ್ಮ ಬರಹವನ್ನು ತಂಗಿಗೆ ಓದಿ ಹೇಳಿದೆ. ಪಾತ್ರೆಯಲ್ಲ, ಹಂಡೆಯೆಂದು ತಿದ್ದಿದಳು.

ಚೌಕಿ (ಸೋಮವಾರ, ರಾತ್ರಿ 10:45)

ನಾನು ಪುತ್ತೂರಿನ ಕಡೆಯವನು, ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಹೇಳಿಕೊಡುತ್ತೇನೆ. ಫೋನಿನ ಪುಣ್ಯವೂ ಪಾಪವೂ ಒಂದೇ ಕಡೆ ಕಾಣುವುದಿದ್ದರೆ ನಮ್ಮಲ್ಲಿಗೆ ಬನ್ನಿ.

ಪುಣ್ಯವನ್ನು ಮೊದಲು ಹೇಳುತ್ತೇನೆ. ಹಿಂದೆ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಹುಡುಗನಿಗೆ ಉತ್ತರದ ಶೈಲಿಯಾದ ಬಡಗಿನ ಆಟ ಕಾಣಬೇಕಾದರೆ ಘಟ್ಟವನ್ನೋ ಹೊಳೆಗಳನ್ನೋ ದಾಟಬೇಕಿತ್ತು. ಈಗ ನನ್ನ ಹದಿನೈದು ವರ್ಷದ ಶಿಷ್ಯ ಎರಡೂ ತಿಟ್ಟುಗಳ ಹತ್ತು ಭಾಗವತರ ಧ್ವನಿಯನ್ನು ಕಣ್ಣು ಮುಚ್ಚಿಕೊಂಡು ಗುರುತಿಸುತ್ತಾನೆ. ಗತಿಸಿದ ಕಲಾವಿದರ ಹಳೆಯ ಧ್ವನಿಮುದ್ರಿಕೆಗಳನ್ನು ನನಗೇ ಹುಡುಕಿಕೊಟ್ಟವನು ಅವನು. ಒಂದೇ ಪದ್ಯವನ್ನು ಐದು ಮಂದಿ ಯಾವ ತಾಳದಲ್ಲಿ ಹೇಗೆ ಎತ್ತಿದ್ದಾರೆಂದು ಹೋಲಿಸಿ ಕೇಳುವ ಭಾಗ್ಯ ನನಗೆ ಅವನ ವಯಸ್ಸಿನಲ್ಲಿ ಇರಲಿಲ್ಲ.

ಪಾಪವೂ ಅಲ್ಲಿಯೇ ಇದೆ. ಮಕ್ಕಳಿಗೆ ತಲುಪುವುದು ಹೆಚ್ಚಾಗಿ ಮೂವತ್ತು ಸೆಕೆಂಡಿನ ತುಣುಕು, ಆ ತುಣುಕಿನಲ್ಲಿ ಇರುವುದು ಧೀಂಗಿಣ, ಎಂದರೆ ಸುತ್ತುತ್ತ ಹಾರುವ ಕುಣಿತ. ವೇಷಧಾರಿ ಎಷ್ಟು ಸುತ್ತು ಹಾರಿದನೆಂದು ಕೆಳಗೆ ಎಣಿಕೆ ಹಾಕುತ್ತಾರೆ. ಹಾರುವುದಕ್ಕೆ ಮೊದಲು ಆ ಪಾತ್ರಕ್ಕೆ ಸಿಟ್ಟು ಏಕೆ ಬಂತು, ಅದನ್ನು ಬರಿಸಿದ ಮಾತು ಯಾವುದು, ಭಾಗವತರು ಪದ್ಯವನ್ನು ಅಲ್ಲಿಯವರೆಗೆ ಹೇಗೆ ಏರಿಸಿಕೊಂಡು ಬಂದರು ಎಂಬುದು ಯಾವುದೂ ಆ ತುಣುಕಿನಲ್ಲಿ ಇರುವುದಿಲ್ಲ. ತರಗತಿಗೆ ಸೇರಿದ ಮೊದಲ ದಿನವೇ ಧೀಂಗಿಣ ಯಾವಾಗ ಹೇಳಿಕೊಡುತ್ತೀರೆಂದು ಕೇಳುವ ಮಕ್ಕಳು ಹೆಚ್ಚಾಗಿದ್ದಾರೆ. ಪಾತ್ರದ ಮಾತುಗಾರಿಕೆಯಾದ ಅರ್ಥಗಾರಿಕೆ ಯಾವಾಗ ಎಂದು ಕೇಳಿದವರು ಈ ಮೂರು ವರ್ಷಗಳಲ್ಲಿ ಒಬ್ಬಳೇ ಹುಡುಗಿ. ರಾತ್ರಿಯಿಡೀ ನಡೆಯುವ ಆಟಗಳು ಕಾಲಮಿತಿಗೆ ಇಳಿದದ್ದೂ ಈ ತುಣುಕು ನೋಡುವ ಅಭ್ಯಾಸದಿಂದಲೇ ಎಂದು ನನಗೆ ಅನಿಸುತ್ತದೆ.

ಸರ್ವರ್ ಕೋಣೆ (ಸೋಮವಾರ, ರಾತ್ರಿ 11:01)

ಕೊನೆಯ ವಾಕ್ಯವನ್ನು ಒಪ್ಪಲಾರೆ. ಕಾಲಮಿತಿಯ ಪ್ರಯೋಗಗಳು ಸ್ಮಾರ್ಟ್‌ಫೋನಿಗಿಂತ ಹಳೆಯವು. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಇರುವ ನಿರ್ಬಂಧ, ಬೆಳಿಗ್ಗೆ ಕಚೇರಿಗೆ ಹೋಗಲೇಬೇಕಾದ ಪ್ರೇಕ್ಷಕ, ಇವೆರಡನ್ನೂ ಬಿಟ್ಟು ಹದಿನೈದು ವರ್ಷದ ಹುಡುಗರನ್ನು ಏಕೆ ಹಿಡಿದಿರಿ?

ಚೌಕಿ (ಸೋಮವಾರ, ರಾತ್ರಿ 11:09)

ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ. ಧೀಂಗಿಣದ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಸೆಕೆಂಡ್ ಪಿಯು (ಸೋಮವಾರ, ರಾತ್ರಿ 11:20)

ಚೌಕಿ ಸರ್, ತುಣುಕು ನೋಡಿಯಾದರೂ ಆ ಮಕ್ಕಳು ನಿಮ್ಮ ತರಗತಿಯ ಬಾಗಿಲಿಗೆ ಬಂದರಲ್ಲವೇ? ಬಂದವರಿಗೆ ಪೂರ್ತಿ ಪ್ರಸಂಗದ ರುಚಿ ಹತ್ತಿಸುವುದು ಕಿರು ವಿಡಿಯೊದ ಕೆಲಸವೋ, ಗುರುಗಳ ಕೆಲಸವೋ ಎಂದು ಕೇಳಬೇಕೆನಿಸಿತು. ತಪ್ಪಾಗಿದ್ದರೆ ಕ್ಷಮಿಸಿ.

ಚೌಕಿ (ಸೋಮವಾರ, ರಾತ್ರಿ 11:31)

ತಪ್ಪಲ್ಲ. ಆದರೆ ರುಚಿ ಹತ್ತಬೇಕಾದರೆ ಸ್ವಲ್ಪ ಹೊತ್ತು ಬೇಸರವನ್ನು ಸಹಿಸಿಕೊಂಡು ಕುಳಿತಿರಬೇಕಾಗುತ್ತದೆ. ನಮ್ಮ ಕಾಲದಲ್ಲಿ ಆಟದ ನಡುವೆ ನಿದ್ದೆ ಬಂದರೆ ಚಾಪೆಯ ಮೇಲೆ ಮಲಗಿ, ಚಂಡೆಯ ಸದ್ದಿಗೆ ಎಚ್ಚರವಾಗಿ ಮತ್ತೆ ನೋಡುತ್ತಿದ್ದೆವು. ಎದ್ದು ಹೋಗಲು ಬೇರೆ ಜಾಗವಿರಲಿಲ್ಲ. ಈಗ ಬೇಸರದ ಮೊದಲ ಕ್ಷಣದಲ್ಲಿಯೇ ಹೆಬ್ಬೆರಳು ಮೇಲಕ್ಕೆ ಸರಿಯುತ್ತದೆ. ಬೆರಳು ಸರಿಸಲು ಬಿಡದೆ ಎರಡು ಗಂಟೆ ಕೂರಿಸುವ ಕಲೆ ಗುರುಗಳಿಗೂ ಇನ್ನೂ ಗೊತ್ತಿಲ್ಲ.

ಗಡಿಯಾರ (ಮಂಗಳವಾರ, ಬೆಳಿಗ್ಗೆ 6:55)

ಇಷ್ಟೆಲ್ಲ ಚರ್ಚೆಯ ಅಗತ್ಯವೇ ಇಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಒಂದೂವರೆ ಗಂಟೆ ಇಡೀ ಊರಿನ ಟಿವಿ ಮತ್ತು ಫೋನುಗಳನ್ನು ಬಂದ್ ಮಾಡಿಸುವ ಪದ್ಧತಿಯನ್ನು ತಂದರು. ನಮ್ಮ ಗ್ರಾಮ ಪಂಚಾಯಿತಿಗಳೂ ಹಾಗೆಯೇ ಮಾಡಲಿ.

ತುಮಕೂರು ತಿಂಡಿ (ಮಂಗಳವಾರ, ಬೆಳಿಗ್ಗೆ 7:20)

ಸಂಜೆ ಏಳರಿಂದ ಎಂಟೂವರೆಯೆಂದರೆ ಧಾರಾವಾಹಿಯ ಹೊತ್ತು. ಸೈರನ್ ಕೂಗಿಸುವ ಧೈರ್ಯ ಯಾವ ಪಂಚಾಯಿತಿ ಅಧ್ಯಕ್ಷರಿಗಿದೆಯೋ ನೋಡೋಣ.

ಮೆಲ್ಬರ್ನ್ ಕನ್ನಡತಿ (ಮಂಗಳವಾರ, ಬೆಳಿಗ್ಗೆ 10:15)

ಇಲ್ಲಿ ಸೈರನ್ನಿನ ಬದಲು ಕಾನೂನೇ ಬಂದಿದೆ. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ ಹದಿನಾರು ವರ್ಷದೊಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಯೂಟ್ಯೂಬ್ ಮುಂತಾದವುಗಳಲ್ಲಿ ಖಾತೆ ಹೊಂದುವಂತಿಲ್ಲ. ಮಕ್ಕಳಿಗೂ ಪೋಷಕರಿಗೂ ದಂಡವಿಲ್ಲ. ಖಾತೆಗಳನ್ನು ತಡೆಯುವ ಹೊಣೆ ಕಂಪನಿಗಳದು, ತಪ್ಪಿದರೆ 4.95 ಕೋಟಿ ಡಾಲರ್‌ವರೆಗೆ ದಂಡ. ನನ್ನ ಮಗನಿಗೆ ಹದಿನಾಲ್ಕು.

ಖಾತೆ ಹೋದರೂ ಯೂಟ್ಯೂಬ್ ನೋಡುವುದಕ್ಕೆ ಅಡ್ಡಿಯಿಲ್ಲ, ಲಾಗಿನ್ ಆಗದೆ ನೋಡಬಹುದು. ಆದರೆ ಹಾಗೆ ನೋಡಿದರೆ ಅವನಿಗೆ ಏನು ಇಷ್ಟವೆಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲವಾದ್ದರಿಂದ ಅದು ಊರಿಗೆಲ್ಲ ತೋರಿಸುವುದನ್ನೇ ಅವನಿಗೂ ತೋರಿಸುತ್ತದೆ. ಎರಡು ದಿನ ಸಿಡುಕಿದ, ಮೂರನೆಯ ದಿನ ಹಾಲ್‌ನಲ್ಲಿರುವ ಟಿವಿಗೆ ಬಂದು ನನ್ನ ಖಾತೆಯಲ್ಲಿಯೇ ಕುಳಿತ. ಈಗ ನನಗೆ ದಾಸರ ಪದಗಳ ನಡುವೆ ಫುಟ್ಬಾಲ್ ಗೋಲುಗಳು ಬರುತ್ತವೆ. ಅವನಿಗೆ ಗೋಲುಗಳ ನಡುವೆ ಬಿಸಿಬೇಳೆಭಾತ್ ಮಾಡುವ ವಿಧಾನ ಬರುತ್ತದೆ. ಸರಿಸಲು ಬೇಸರವಾಗಿ ಒಮ್ಮೊಮ್ಮೆ ನೋಡಿಯೂಬಿಡುತ್ತಾನೆ. ಕಳೆದ ವಾರ ಅಂಥದ್ದೊಂದನ್ನು ನೋಡುತ್ತ, "ಅಮ್ಮಾ, ಒಗ್ಗರಣೆ ಅಂದರೆ ಸದ್ದೋ ವಾಸನೆಯೋ?" ಎಂದು ಕೇಳಿದ. ಕಾನೂನು ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಅವನ ಗೆಳೆಯರಲ್ಲಿ ಅನೇಕರು ವಯಸ್ಸು ಸುಳ್ಳು ಹೇಳಿ ಒಳಗೇ ಉಳಿದಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಇಬ್ಬರೂ ಒಂದೇ ತೆರೆಯ ಮುಂದೆ ಜಗಳವಾಡುವಂತಾಗಿದೆ.

ಕೊಪ್ಪಳದ ಮೇಷ್ಟ್ರು (ಮಂಗಳವಾರ, ಸಂಜೆ 6:10)

ಗಡಿಯಾರದವರಿಗೆ ಒಂದು ಮಾತು. ಬಂದ್ ಮಾಡಿಸಿದ ಆ ಒಂದೂವರೆ ಗಂಟೆಯಲ್ಲಿ ಮಕ್ಕಳು ಮಾಡಬೇಕಾದುದೇನು? ನಮ್ಮೂರಿನಲ್ಲಿ ಆಟದ ಮೈದಾನವಿದ್ದ ಜಾಗದಲ್ಲಿ ಈಗ ನೀರಿನ ಟ್ಯಾಂಕ್ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ 2020ರ ಕೊನೆಯಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಬಂದಾಗ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನನ್ನ ಶಾಲೆಯ ಹುಡುಗಿಯರು ನಾ ಮುಂದೆ ತಾ ಮುಂದೆ ಎಂದು ಹೋದರು, ಏಕೆಂದರೆ ಮನೆಯಲ್ಲಿ ಯಾರನ್ನೂ ಬೇಡದೆ ಅವರ ಕೈಗೆ ಬಂದ ವಸ್ತು ಪುಸ್ತಕ ಮಾತ್ರ.

ಮತ್ತೊಂದು ಸ್ಪಷ್ಟನೆ. ಊಟ, ನಿದ್ದೆ, ಶಾಲೆ ಬಿಟ್ಟು ಫೋನಿಗೆ ಅಂಟಿಕೊಂಡು, ಕಿತ್ತುಕೊಂಡರೆ ಕೈಮಾಡುವ ಮಕ್ಕಳೂ ಇದ್ದಾರೆ. ಅದನ್ನು ಇಲ್ಲಿನ ಹರಟೆಯೊಡನೆ ಬೆರೆಸಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥವರಿಗಾಗಿಯೇ 2014ರಿಂದ ಶಟ್ ಎಂಬ ಕ್ಲಿನಿಕ್ ನಡೆಯುತ್ತಿದೆ. ಅಗತ್ಯವಿದ್ದವರು ಸೈರನ್ನಿಗೆ ಕಾಯದೆ ಅಲ್ಲಿಗೆ ಹೋಗಲಿ.

ಹಳೆಯ ರೀಲು (ಮಂಗಳವಾರ, ರಾತ್ರಿ 9:30)

ಮೆಲ್ಬರ್ನ್ ಅವರ ಜಗಳದ ಮಾತು ಓದಿ ನೆನಪಾಯಿತು. 1987ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುವಾಗ ನಮ್ಮ ಓಣಿಗೆ ಇದ್ದುದು ಒಂದೇ ಟಿವಿ. ಆಂಟೆನಾ ತಿರುಗಿಸಲು ಮಾಳಿಗೆ ಏರಿದವನಿಗೆ ಚಿತ್ರ ಕಾಣುತ್ತಿರಲಿಲ್ಲ, ನೋಡುತ್ತಿದ್ದವರಿಗೆ ಏರುವ ಮನಸ್ಸಿರಲಿಲ್ಲ. ಹಾಗಾಗಿ ಪ್ರತಿ ವಾರ ಸರದಿ ಹಚ್ಚಿದ್ದೆವು.

ತುಮಕೂರು ತಿಂಡಿ (ಮಂಗಳವಾರ, ರಾತ್ರಿ 9:41)

ನಮ್ಮಲ್ಲಿ ಸರದಿ ಇರಲಿಲ್ಲ, ಯಾವಾಗಲೂ ಕಿರಿಯವನನ್ನೇ ಹತ್ತಿಸುತ್ತಿದ್ದರು. ಆ ಕಿರಿಯವನು ನಾನು.

ನಿರ್ವಾಹಕ (ಮಂಗಳವಾರ, ರಾತ್ರಿ 9:50)

ಆಂಟೆನಾದ ಬಗ್ಗೆ ಈಗಾಗಲೇ ಬೇರೆ ಚರ್ಚೆ ಇದೆ. ದಯವಿಟ್ಟು ಉಳಿದ ನೆನಪುಗಳನ್ನು ಅಲ್ಲಿ ಬರೆಯಿರಿ.

ಅಡಿಕೆತೋಟ (ಗುರುವಾರ, ರಾತ್ರಿ 10:20)

ಎಲ್ಲರ ಮಾತನ್ನೂ ಓದಿದೆ. ಸೆಕೆಂಡ್ ಪಿಯು ಅವರ ಮಾತು ಸ್ವಲ್ಪ ಚುಚ್ಚಿತು, ಆದ್ದರಿಂದ ಮಕ್ಕಳ ಗುಂಪಿಗೆ ನನ್ನನ್ನೂ ಸೇರಿಸಿಕೊಳ್ಳಿರೆಂದು ಕೇಳಿದೆ. ನಯವಾಗಿ ನಿರಾಕರಿಸಿದರು. ಅದಕ್ಕೆ ಬದಲಾಗಿ ಒಂದು ಒಪ್ಪಂದವಾಯಿತು. ನಿನ್ನೆ ಊಟವಾದ ಮೇಲೆ ಒಬ್ಬೊಬ್ಬರೂ ತಮಗೆ ಇಷ್ಟವಾದ ಒಂದು ವಿಡಿಯೊವನ್ನು ಫೋನಿನಿಂದ ಟಿವಿಗೆ ಹಾಕಿ ತೋರಿಸಬೇಕು, ನಡುವೆ ಯಾರೂ ಎದ್ದು ಹೋಗಬಾರದು, ನಾನೂ ಸೇರಿದಂತೆ.

ಎಲ್ಲವೂ ಚೆನ್ನಾಗಿತ್ತೆಂದು ಹೇಳಲಾರೆ. ಒಬ್ಬಳು ಯಾರೋ ತಮ್ಮ ಮೇಜನ್ನು ಒರೆಸಿ ಜೋಡಿಸಿಕೊಳ್ಳುವ, ಮಾತೇ ಇಲ್ಲದ ವಿಡಿಯೊವನ್ನು ಹದಿನಾಲ್ಕು ನಿಮಿಷ ತೋರಿಸಿದಳು. ಅದರಲ್ಲಿ ಏನಿದೆಯೆಂದು ನನಗೆ ಈಗಲೂ ಅರ್ಥವಾಗಿಲ್ಲ, ಅವಳಿಗೆ ಅದನ್ನು ನೋಡಿದರೆ ಮನಸ್ಸು ಹಗುರವಾಗುತ್ತದಂತೆ. ಒಬ್ಬನ ಆಟದ ವಿಡಿಯೊ ನೋಡಿ ನನಗೆ ತಲೆ ಸುತ್ತಿತು. ತಂಗಿಯ ಮಗಳು ತಾನೇ ಮಾಡಿದ್ದನ್ನು ತೋರಿಸಿದಳು. ಈ ಹತ್ತು ದಿನಗಳಲ್ಲಿ ನಮ್ಮ ಅಮ್ಮ ಹಲಸಿನ ತೊಳೆ ಬಿಡಿಸುವುದನ್ನು, ಹಪ್ಪಳ ಒತ್ತುವುದನ್ನು, ನಡುವೆ ನನ್ನನ್ನು ಬೈಯುವುದನ್ನು ಯಾರಿಗೂ ತಿಳಿಯದಂತೆ ಚಿತ್ರಿಸಿಕೊಂಡು ಮೂರು ನಿಮಿಷಕ್ಕೆ ಇಳಿಸಿದ್ದಳು. ನಾನು ಮಾಳಿಗೆಯ ಮೌನವೆಂದು ಬರೆದ ಹೊತ್ತಿನಲ್ಲಿ ಅವಳು ಮಾಡುತ್ತಿದ್ದುದು ಅದನ್ನೇ. ಅಮ್ಮ ಅದನ್ನು ನಾಲ್ಕು ಬಾರಿ ಹಾಕಿಸಿದರು, ಬೈಗುಳದ ಭಾಗವನ್ನು ಐದು ಬಾರಿ.

ಕೊನೆಯ ಸರದಿ ತಮ್ಮನ ಮಗನದು, ಹತ್ತು ನಿಮಿಷದಲ್ಲಿ ಚಿತ್ರದ ಕಥೆ ಮುಗಿಸಲು ಹೊರಟಿದ್ದವನು. ಅವನು ಹಾಕಿದ್ದು ಕಾರ್ಬನ್ ಫೈಬರ್ ದೋಟಿಯಲ್ಲಿ, ಅಂದರೆ ಉದ್ದನೆಯ ಕೋಲಿನಲ್ಲಿ, ನೆಲದ ಮೇಲೆಯೇ ನಿಂತು ಅಡಿಕೆ ಗೊನೆಗೆ ಕೊಳೆರೋಗದ ಔಷಧಿಯಾದ ಬೋರ್ಡೋ ದ್ರಾವಣ ಸಿಂಪಡಿಸುವ ವಿಡಿಯೊ. ಇದು ನನ್ನನ್ನು ಮೆಚ್ಚಿಸುವ ಉಪಾಯವೆಂದು ಗೊತ್ತಿದ್ದರೂ ಬಲೆಗೆ ಬಿದ್ದೆ. ಅರುವತ್ತು ಅಡಿಯ ಮರಕ್ಕೆ ಆ ದೋಟಿ ಬಾಗದೆ ನಿಲ್ಲುವುದಿಲ್ಲವೆಂದು ನಾನು, ನಿಲ್ಲುತ್ತದೆಂದು ಅವನು, ಮರ ಏರುವ ಕೊನೆಗೌಡರು ಸಿಗದಿದ್ದರೆ ಏನು ಮಾಡುತ್ತೀಯೆಂದು ಅಮ್ಮ. ವಿಡಿಯೊವನ್ನು ನಿಲ್ಲಿಸಿ ವಾದಿಸಿ, ಹಿಂದಕ್ಕೆ ಸರಿಸಿ ತೋರಿಸಿ, ಆರು ನಿಮಿಷದ ವಿಡಿಯೊ ಒಂದು ಗಂಟೆ ನಡೆಯಿತು. ಮುಗಿಯುವ ಮೊದಲೇ ಗುಡುಗು ಬಂದು ಕರೆಂಟ್ ಹೋಯಿತು.

ಹಳೆಯ ರೀಲು (ಗುರುವಾರ, ರಾತ್ರಿ 10:34)

ಕರೆಂಟ್ ಹೋದಾಗ ಮಕ್ಕಳು ಶಿಳ್ಳೆ ಹಾಕಿದರೇ?

ಅಡಿಕೆತೋಟ (ಗುರುವಾರ, ರಾತ್ರಿ 10:36)

ಹಾಕಲಿಲ್ಲ. ಏಳು ಮಂದಿಯೂ ಫೋನಿನ ಟಾರ್ಚ್ ಹಾಕಿದರು.

ಸೆಕೆಂಡ್ ಪಿಯು (ಗುರುವಾರ, ರಾತ್ರಿ 10:41)

ಸರ್, ಆ ದೋಟಿಯ ವಿಡಿಯೊದ ಲಿಂಕ್ ಕಳುಹಿಸಿರಿ. ನಮ್ಮ ತೋಟದ ಮರಗಳೂ ಎತ್ತರವೇ, ಅಪ್ಪನಿಗೆ ತೋರಿಸಬೇಕಾಗಿದೆ.